ಭಟ್ಟಿ ಮುಂದಿನ ಫ್ರೆಂಚ್ ಪಾಠ

ನಮ್ಮ ಫೌಂಡ್ರಿಯೊಳಗ ಕಬ್ಬಿಣ ಕರಗಸೂದು ಸರಳ, ಆದ್ರ ಹೊಸಾದೇನರ ಕಲಿಯಾಕ ಕುಂತ್ವಿ ಅಂದ್ರ ಒಂದಿಲ್ಲೊಂದು ಪಜೀತಿ ಮಾಡ್ಕೊಂಡನ ಏಳ್ತೀವಿ. ಕಂಪ್ಯೂಟರ್ ಬಂದಾಗ ಹಂಗ ಆತು, ಬೆರಳು ಒತ್ತಿ ಹಾಜರಿ ಹಾಕೂ ಮಷೀನ್ ಬಂದಾಗೂ ಹಂಗ ಆತು. ಈ ಸಲ ಫ್ರೆಂಚ್ ಬಂತು.

ಫೌಂಡ್ರಿ ಇರೂದು ಉದ್ಯಮಬಾಗದಾಗ. ನಾ ಅಲ್ಲಿ ಕ್ವಾಲಿಟಿ ನೋಡಾಂವ. ಕೆಲಸ ಇಲ್ದ ನಮ್ಮ ಎರಡನೇ ಭಟ್ಟಿ ಆರಿ ಬಾಳ ದಿವಸ ಆಗಿತ್ತು. ಅದರ ಮ್ಯಾಲ ದುಡಿಯೂ ಮಂದೀನ ಮಾಲಕರು ಮನಿಗೆ ಕಳಿಸಿರಲಿಲ್ಲ ಖರೇ, ಆದ್ರ ಅವ್ರಾದ್ರೂ ಎಷ್ಟಂತ ಕುಂದ್ರಿಸಿ ಇಟ್ಕೊತಾರ? ಅಷ್ಟೊತ್ತಿಗೆ ಫ್ರಾನ್ಸಿನ ಒಂದು ಪಂಪ್ ಕಂಪನಿಯಿಂದ ಸುದ್ದಿ ಬಂತು. ಅವ್ರ ಕಡಿಂದ ಒಬ್ಬ ಹೆಣ್ಣುಮಗಳು ಇಂಜಿನಿಯರ್ ಬಂದು ನಮ್ಮ ಮಾಲು ನೋಡ್ತಾರ, ಮನಸ್ಸಿಗೆ ಬಂದ್ರ ಆರ್ಡರ್ ಕೊಡ್ತಾರ. ಆ ಆರ್ಡರ್ ಬಂದ್ರನ ಭಟ್ಟಿ ಹತ್ತೂದು.

ಅವ್ರ ಇಂಗ್ಲಿಷ್ ಅಷ್ಟಕ್ಕಷ್ಟ ಅಂತ ಗೊತ್ತಾತು. ನಮ್ದೂ ಅಷ್ಟಕ್ಕಷ್ಟ. ಮಾಲಕರು ಅಂದ್ರು, "ಎರಡು ಅಷ್ಟಕ್ಕಷ್ಟ ಕೂಡಿದ್ರ ಏನೂ ಆಗೂದಿಲ್ಲ. ನೀವು ಫ್ರೆಂಚ್ ಕಲೀರಿ."

೧. ಎಲ್ಲಿಗೆ

ಕಲಿಸಾಕ ಬಂದಾಕಿ ಶಹಾಪುರದ ನೇಕಾರರ ಮನಿ ಹುಡುಗಿ. ಪುಣೇದಾಗ ಫ್ರೆಂಚ್ ಓದಿ ಬಂದಿದ್ಲು. ಬೋರ್ಡಿನ ಮ್ಯಾಲ ಒಂದು ಬಾಜು ಇಂಗ್ಲಿಷಿನ ಹೂ, ವಾಟ್, ವೇರ್, ವೆನ್, ವಾಯ್ ಬರದ್ಲು, ಇನ್ನೊಂದು ಬಾಜು ಫ್ರೆಂಚಿನ ಕಿ, ಕ್ವಾ, ಊ, ಕಾಂ, ಪೂರ್ಕ್ವಾ. ನಡುವ ಜಾಗಾ ಬಿಟ್ಟಿದ್ಲು, ಅಲ್ಲಿ ನಾವು ಮನಸ್ಸಿನ್ಯಾಗ ಕನ್ನಡ ತುಂಬಿಕೊಂಡ್ವಿ. ಎಲ್ಲಿ ಅನ್ನಾಕ ಬರೇ 'ಊ' ಅಂದ್ರ ಮುಗೀತು. ಇಷ್ಟು ದೊಡ್ಡ ಪ್ರಶ್ನೆ ಅಷ್ಟು ಸಣ್ಣ ಶಬ್ದದಾಗ ಹ್ಯಾಂಗ ಹಿಡೀತು ಅಂತ ನನಗ ಸೋಜಿಗ.

ಆಮ್ಯಾಲ ರೂಢಿ ಮಾಡಿಸಾಕ ಸುರು ಮಾಡಿದ್ಲು. ನಾ ಎದ್ದು ಬಾಗಲದ ಕಡೆ ಹೋಗಬೇಕು, ನನ್ನ ಬಾಜೂಕ ಕುಂತಿದ್ದ, ಅಚ್ಚು ಮಾಡೂ ಮೋಲ್ಡಿಂಗ್ ಮಿಸ್ತ್ರಿ ನನ್ನನ್ನ ಎಲ್ಲಿಗೆ ಹೊಂಟ್ರಿ ಅಂತ ಫ್ರೆಂಚಿನ್ಯಾಗ ಕೇಳಬೇಕು. ಮಿಸ್ತ್ರಿ ಖಾನಾಪುರದಾಂವ, ಕುರಿ ಕಾಯೂ ಮನಿತನದಾಂವ, ಮಾತು ಕಡಿಮಿ. ನಾ ಚಿಲಕದ ಮ್ಯಾಲ ಕೈ ಇಟ್ಟು ನಿಂತೆ. ಆಂವ ಗಪ್‌ಚಿಪ್ ಕುಂತ.

"ಯಾಕ್ರೀ ಕಾಕಾ, ಮರತ್ರೇನು?" ಅಂದ್ಲು ಟೀಚರ್.

"ಮರತಿಲ್ಲವಾ. ಹೊಂಟವ್ರನ್ನ ಎಲ್ಲಿಗೆ ಅಂತ ಕೇಳಬಾರ್ದು. ಹೋದ ಕೆಲಸ ಆಗೂದಿಲ್ಲ."

"ಇದು ಪಾಠ ಕಾಕಾ. ಅವ್ರೇನು ಖರೇ ಹೊಂಟಿಲ್ಲ."

"ಹೊಂಟಿಲ್ಲ ಅಂದ್ರ ಮತ್ತ ಯಾಕ ಕೇಳಬೇಕು?"

ಟೀಚರಿಗೂ ಕುತೂಹಲ ಹುಟ್ಟಿತು. "ಹಂಗಾದ್ರ ನೀವು ಏನಂತ ಕೇಳ್ತೀರಿ?" ಅಂದ್ಲು. "ದೂರ ಹೊಂಟೀರೇನು ಅಂತೀವಿ," ಅಂದ ಮಿಸ್ತ್ರಿ. ಪಾಪ, ಆಕಿ ಅದನ್ನೂ ಫ್ರೆಂಚಿಗೆ ಹಾಕಿ ಕೊಟ್ಲು. ಆಂವ ಚಂದಗೆ ಕೇಳಿದ. ಆದ್ರ ಅಷ್ಟೆಲ್ಲಾ ಕೇಳಿಸಿಕೊಂಡ ಮ್ಯಾಲ ನನಗ ಹೊರಗ ಕಾಲಿಡಾಕ ಧೈರ್ಯ ಸಾಲಲಿಲ್ಲ, ತಿರುಗಿ ಬಂದು ಕುಂತ್ಬಿಟ್ಟೆ.

೨. ಹೋಗ್ತೀನಿ

ಪ್ರಶ್ನೆ ಮುಗದ ಮ್ಯಾಲ ಕ್ರಿಯಾಪದ ಬಂದ್ವು. ಹೋಗು, ಬಾ, ಉಣ್ಣು, ನೋಡು, ಮಾಡು. ಮಹಾಂತೇಶ ನಗರದ ನಮ್ಮ ಮನ್ಯಾಗ ನಾ ಹಲ್ಲು ತಿಕ್ಕೂವಾಗೂ ಅವನ್ನ ಹೇಳ್ಕೋತ ಇರ್ತಿದ್ದೆ. ಒಂದಿನ ಹೊಸ್ತಲದಾಗ ಬೂಟು ಹಾಕ್ಕೊಳ್ಳುವಾಗ "ಜ ವೇ, ಜ ವೇ" ಅನ್ನಾಕತ್ತಿದ್ದೆ.

"ಏನೋ ಅದು?" ಅಂತ ಕೇಳಿದ್ಲು ಅವ್ವ.

"ಫ್ರೆಂಚ್. ನಾ ಹೋಗ್ತೀನಿ ಅಂತ."

"ಬೂಟು ಕಳಿ. ಒಳಗ ಬಂದು ಕುಂದ್ರು. ನೀರು ಕುಡಿ. ಈಗ ಬರ್ತೀನಿ ಅಂತ ಹೇಳಿ ಹೋಗು."

ನಾ ಪಾಠಕ್ಕ ಹೋಗೂದು ತಡ ಆತು. ಕಾರಣ ಕೇಳಿ ಟೀಚರ್ ನಕ್ಕು ಹೇಳಿದ್ಲು, ಫ್ರಾನ್ಸಿನ್ಯಾಗ ಮನಿ ಬಿಡುವಾಗ ಹೋಗ್ತೀನಿ ಅಂತ ಹೇಳೇ ಹೋಗ್ತಾರಂತ, ಯಾರೂ ಕೆಟ್ಟ ಅನ್ಕೊಳ್ಳೂದಿಲ್ಲಂತ. ಸಂಜಿಕ ಅವ್ವಗ ಹೇಳಿದೆ. ಆಕಿ ಸೊಪ್ಪು ಸೋಸೂದು ಬಿಟ್ಟು ಕೇಳಿದ್ಲು, "ಹಂಗ ಹೋದವ್ರು ತಿರುಗಿ ಬರ್ತಾರೇನು?"

"ಬರ್ತಾರಂತ."

"ಪಾಪ, ಅವ್ರ ಅವ್ವಗೋಳು ದಿನಾ ಹ್ಯಾಂಗ ತಡ್ಕೊಂತಾರೋ."

೩. ಊಟ ಆತೇನು

ಫ್ರಾನ್ಸಿನ ಆ ಇಂಜಿನಿಯರ್ ಮದಾಂ ಬರೂ ವಾರನ ಟೀಚರಿಗೆ ಜ್ವರ ಬಂತು. ದುಭಾಷಿ ಕೆಲಸ ನನ್ನ ಕೊರಳಿಗೆ ಬಿತ್ತು. ಮದಾಂ ಐವತ್ತರ ಆಚೆ ಈಚೆ, ಎತ್ತರದ ಹೆಣ್ಣುಮಗಳು. ಅವ್ರ ತುಸು ಇಂಗ್ಲಿಷು, ನನ್ನ ತುಸು ಫ್ರೆಂಚು, ಉಳದದ್ದು ಕೈಸನ್ನಿ.

ನಮ್ಮ ಮಂದಿಗೆ ಫ್ರೆಂಚಿನ್ಯಾಗ ಗಟ್ಟಿ ಬರ್ತಿದ್ದದ್ದು ಒಂದ ಮಾತು, ಊಟ ಆತೇನ್ರಿ ಅನ್ನೂದು. ಗೇಟಿನ ವಾಚಮನ್ ಕೇಳಿದ. ಅವ್ರು ಖರೇ ಖರೇ "ಇಲ್ಲ" ಅಂದ್ರು. ಇಲ್ಲ ಅಂದ ಮ್ಯಾಲ ಬಿಡೂದುಂಟೇನು? ಉಪ್ಪಿಟ್ಟು ಬಂತು. ಆಫೀಸಿನ್ಯಾಗ ಕ್ಲಾರ್ಕ್ ಕೇಳಿದ. ಮದಾಂ ಮಧ್ಯಾಹ್ನದ ಊಟ ಅಂತ ತಿಳದು ಮತ್ತ ಇಲ್ಲ ಅಂದ್ರು. ತಿನ್ನಾಕ ಸಿಹಿ ಕುಂದಾ ಬಂತು. ಮೋಲ್ಡಿಂಗಿಗೆ ಹೋದ್ರ ಮಿಸ್ತ್ರಿ ಕೇಳಿ, ತನ್ನ ಡಬ್ಬಿನ ಬಿಚ್ಚಿ ಮುಂದ ಇಟ್ಟ.

ಕಡೀಕ ಅವ್ರು ನನ್ನನ್ನ ಬಾಜೂಕ ಕರದು "ಪೂರ್ಕ್ವಾ?" ಅಂದ್ರು. ಎಲ್ಲಾರೂ ಇದನ್ನ ಯಾಕ ಕೇಳ್ತಾರ? ಅದು ಆರಾಮ ಅದೀರೇನು ಅಂತ ಕೇಳೂ ರೀತಿ ಅಂತ ತಿಳಿಸಿ ಹೇಳಿದೆ. ಮದಾಂ ಬಾಳ ಆಸಕ್ತಿಯಿಂದ ಕೇಳ್ಕೊಂಡ್ರು. "ಹಂಗಾದ್ರ ನಾ ಖರೇನ ಉಂಡೀನೋ ಇಲ್ಲೋ ಅಂತ ತಿಳ್ಕೊಳ್ಳಾಕ ಏನಂತ ಕೇಳ್ತೀರಿ?"

ನಾ ವಿಚಾರ ಮಾಡಿದೆ. "ಅದನ್ನ ಕೇಳೂದಿಲ್ರಿ," ಅಂದೆ. "ನೀಡಿಬಿಡ್ತೀವಿ."

೪. ಯಾವ ಗಂಡ

ಮದಾಂ ಎಲ್ಲಾ ನೋಡಿದ್ರು, ಬಡದು ನೋಡಿದ್ರು, ಅಳದು ನೋಡಿದ್ರು. ಆರ್ಡರಿನ ಮಾತು ಮಾತ್ರ ಬಾಯಿಗೆ ತರಲಿಲ್ಲ. ಕೇಳ್ಲೇನ್ರಿ ಅಂದ್ರ ಮಾಲಕರು ನನ್ನ ಮ್ಯಾಲ ಕಣ್ಣು ಕೆಂಪ ಮಾಡಿದ್ರು. "ಬಂದವ್ರನ್ನ ಬಾಯಿಬಿಟ್ಟು ಕೇಳಬಾರ್ದು. ಜುಲುಮಿ ಮಾಡಿದಂಗ ಆಗ್ತದ. ಅವ್ರಾಗೇ ಹೇಳ್ಲಿ." ಆದ್ರ ಅವ್ರು ದಿನಕ್ಕ ನಾಕು ಸಲ ಆರಿದ ಭಟ್ಟಿ ಕಡೆ ಹೋಗಿ ನಿಂತು ಬರ್ತಿದ್ರು.

ಕಡೀ ದಿವಸ ಮಿಸ್ತ್ರಿ ಖಾನಾಪುರದ ತನ್ನ ಮನಿಗೆ ಊಟಕ್ಕ ಕರದ. ಮಾಲಕರು, ಮದಾಂ, ನಾನು ಹೋದ್ವಿ. ಮಿಸ್ತ್ರಿ ಹೇಣ್ತಿ ನೀಡಾಕತ್ತಿದ್ರು, ಅವ್ರ ಅತ್ತಿ, ಅಂದ್ರ ಮಿಸ್ತ್ರಿ ಅವ್ವ, ವಯಸ್ಸಾದ ಅಜ್ಜಿ, ಗ್ವಾಡಿಗೆ ಬೆನ್ನು ಕೊಟ್ಟು ಕುಂತಿದ್ರು. ಮದಾಂ ಮಿಸ್ತ್ರಿ ಕಡೆ ಬಟ್ಟು ಮಾಡಿ, ಇವ್ರ ಹೆಸರು ಏನು ಅಂತ ಅವನ ಹೇಣ್ತೀನ ಕೇಳಿದ್ರು. ಆ ಸೊಸಿ ಸೆರಗು ಸರಿ ಮಾಡ್ಕೊಂಡು, ಗಡಗಿ ನೀರು, ಗಟ್ಟಿ ಮೊಸರು ಅಂತೆಲ್ಲಾ ಸುತ್ತ ಹಾಕಿ, ಒಡಪಿನ ತುದಿಗೆ ಗಂಡನ ಹೆಸರು ಹೇಳಿದ್ರು. ಇಲ್ಲಿ ಗಂಡನ ಹೆಸರು ಬರೇ ಹಂಗ ಹೇಳೂದಿಲ್ಲ, ಒಡಪು ಹಾಕಿ, ಪ್ರಾಸದ ಪದ ಕಟ್ಟೇ ಹೇಳ್ತಾರ ಅಂತ ಮದಾಮಿಗೆ ತಿಳಿಸಿದೆ. ಅವ್ರು ಚಪ್ಪಾಳಿ ಹೊಡದ್ರು.

ಅಜ್ಜಿ ಅಂದ್ರು, "ಈಗ ಆಕೀನೂ ತನ್ನ ಗಂಡನ ಹೆಸರು ಹೇಳಲಿ."

ನಾ ಕೇಳಿದೆ. ಮದಾಂ ಎರಡು ಬಟ್ಟು ತೋರಿಸಿ "ಲೆಕೆಲ್?" ಅಂದ್ರು. ಆ ಶಬ್ದ ಟೀಚರ್ ಗಟ್ಟಿ ಕಲಿಸಿದ್ಲು. ತಿಳೀದಿದ್ರ ಚೊಲೋ ಇತ್ತು.

"ಏನಂದ್ರು?" ಅಂತ ಮಾಲಕರು ಕಿವ್ಯಾಗ ಕೇಳಿದ್ರು.

"ಯಾವ ಗಂಡಂದು ಅಂತ ಕೇಳಾಕತ್ತಾರ್ರಿ. ಮೊದಲಿನಾಂವಂದೋ, ಈಗಿನಾಂವಂದೋ."

ಮಾಲಕರ ಕೈಯಾಗಿನ ರೊಟ್ಟಿ ಅಲ್ಲೇ ನಿಂತಿತು. "ಮುದುಕಿಗೆ ಹೇಳಬ್ಯಾಡ. ಆಕಿ ಏನರ ಅಂದು, ಇವ್ರು ಸಿಟ್ಟಿಗೆದ್ದು ಹೋದ್ರ ಭಟ್ಟಿ ಕಥಿ ಮುಗೀತು."

"ಏನದು ಗುಸುಗುಸು? ಹೇಳು," ಅಂದ್ರು ಅಜ್ಜಿ. ಅವ್ರ ದನಿ ಕೇಳಿ ನನ್ನ ಬಾಯಿಂದ ಇದ್ದದ್ದು ಇದ್ದಂಗ ಬಿತ್ತು.

"ಅಷ್ಟನ?" ಅಂದ್ರು ಅಜ್ಜಿ. "ನನ್ನವೂ ಎರಡು. ಮೊದಲಿನಾಂವ ಸಣ್ಣ ವಯಸ್ಸಿನ್ಯಾಗ ತೀರಿಕೊಂಡ, ಆಮ್ಯಾಲ ಉಡಿಕಿ ಲಗ್ನ ಮಾಡ್ಕೊಂಡು ಈ ಮನಿಗೆ ಬಂದೆ. ಎರಡೂ ಹೇಳು ಅನ್ನು. ಆಕೀದು ಆದ ಮ್ಯಾಲ ನಾನೂ ಎರಡು ಹೇಳ್ತೀನಿ."

ಮದಾಂ ಫ್ರೆಂಚಿನ್ಯಾಗ ಎರಡು ಹೇಳಿದ್ರು, ಅಜ್ಜಿ ಕನ್ನಡದಾಗ ಒಂದು, ಮರಾಠಿಯೊಳಗ ಒಂದು ಹೇಳಿದ್ರು. ಇಬ್ರೂ ಕಣ್ಣಾಗ ನೀರು ಬರೂಹಂಗ ನಕ್ಕರು. ಆಮ್ಯಾಲ ಅಜ್ಜಿ ಕಣ್ಣು ಒರಸಿಕೊಂಡು ನನಗ ಅಂದ್ರು, "ಈಗ ಕೇಳು. ನಮ್ಮ ಹುಡುಗರಿಗೆ ಕೆಲಸ ಕೊಡ್ತಾಳೋ ಇಲ್ಲೋ?"

ಮಾಲಕರು ನನ್ನ ಅಂಗಿ ಜಗ್ಗಿದ್ರು. ಅಷ್ಟೊತ್ತಿಗೆ ನಾ ಕೇಳಿಯಾಗಿತ್ತು.

ಮದಾಂ ನಮ್ಮೆಲ್ಲಾರ ಮಾರಿ ನೋಡಿದ್ರು. "ಕೊಡ್ತೀನಿ. ಮೊದಲನೇ ದಿವಸನ ನನಗ ಮಾಲು ಪಸಂತ ಬಿದ್ದಿತ್ತು. ನೀವು ಕೇಳ್ತೀರಿ ಅಂತ ಕಾದೆ. ಯಾರೂ ಕೇಳಲಿಲ್ಲ. ನಿಮಗ ಕೆಲಸ ಬ್ಯಾಡಾಗೇತಿ ಅಂತ ತಿಳದು ನಾಳಿ ಕೊಲ್ಲಾಪುರದ ಫೌಂಡ್ರಿ ನೋಡಾಕ ಗಾಡಿ ಹೇಳಿದ್ದೆ."

ಮಿಸ್ತ್ರಿ ಎದ್ದು ಹಿತ್ತಲಕ್ಕ ಹೋಗಿ ಮಾರಿ ತೊಳಕೊಂಡು ಬಂದ.

ಅಜ್ಜಿ ಮಾಲಕರನ್ನ ನೋಡಿ, "ಮತ್ತ ಇಷ್ಟು ದಿನ ನೀವೆಲ್ಲಾ ಕೂಡಿ ಏನು ಮಾಡಾಕತ್ತಿದ್ರಿ?" ಅಂದ್ರು.

ಮಾಲಕರು ತಲಿ ತಗ್ಗಿಸಿ ಅಂದ್ರು, "ಪ್ರಶ್ನೆ ಕೇಳೂದು ಕಲಿಯಾಕತ್ತಿದ್ವಿ ಅಜ್ಜಿ."