ಎರಡು ಲೋಟ ಫ್ರಾನ್ಸು ಮತ್ತು ಮಾವನ ಮೂಗು

ನಮ್ಮ ಸೋದರಮಾವನ ವಿಷಯದಲ್ಲಿ ದೇವರು ಮೊದಲು ಮೂಗು ಮಾಡಿ, ಆಮೇಲೆ ಉಳಿದ ಸಾಮಾನಿನಲ್ಲಿ ಮನುಷ್ಯನನ್ನು ಜೋಡಿಸಿದ ಎಂಬುದು ನನ್ನ ಖಚಿತ ಅಭಿಪ್ರಾಯ. ಖಚಿತ ಎಂದೆನೆ? ಕ್ಷಮಿಸಿ. ವಿಶ್ವವಿದ್ಯಾನಿಲಯದಲ್ಲಿ ಆರು ವರ್ಷ ಕೂತು ನಾನು ಕಲಿತದ್ದು, ಯಾವುದನ್ನೂ ಖಚಿತ ಎನ್ನಬಾರದು ಎಂಬುದೊಂದನ್ನೇ. ನನ್ನ ನೆನಪನ್ನಂತೂ ನಾನು ಒಂದಿಷ್ಟೂ ನಂಬುವುದಿಲ್ಲ. ಹಾಗಾಗಿ ಇಲ್ಲಿರುವುದರಲ್ಲಿ ಮುಕ್ಕಾಲು ಪಾಲು ನಡೆದದ್ದು, ಕಾಲು ಪಾಲು ನಡೆದಿರಬಹುದಾದದ್ದು ಎಂದುಕೊಂಡು ಓದಿ.

ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಮಾವ ಹೊಗೆಸೊಪ್ಪು ಬೆಳೆಯುತ್ತಾರೆ. ಕಾವಿನಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಕೊಠಡಿಯ ಕಿಂಡಿಗೆ ಮೂಗು ಕೊಟ್ಟು, ಬೆಂಕಿ ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂದು ಅವರು ಹೇಳಿದರೆ ಮುಗಿಯಿತು. ಅವರ ಬೀದಿಯ ನಾಲ್ಕು ಬ್ಯಾರನ್ನುಗಳೂ ಆ ಮೂಗಿನ ಮೇಲೆಯೇ ನಡೆಯುತ್ತಿದ್ದವು. ಥರ್ಮಾಮೀಟರು ಇರಲಿಲ್ಲವೆ? ಇತ್ತು. ಅದರ ಮೊಳೆಗೆ ಮಾವ ಅಂಗಿ ನೇತುಹಾಕುತ್ತಿದ್ದರು!

ಇಂಥ ಮೂಗನ್ನು ಮದುವೆ ಮನೆಗೆ ಕರೆದೊಯ್ಯುವುದು ಅಪಾಯ. ಭೇರ್ಯದ ಮದುವೆಯೊಂದರಲ್ಲಿ ಎಲೆಗೆ ಬಿದ್ದ ಸಾರನ್ನು ಮೂಸಿ, ಉಪಚಾರಕ್ಕೆ ಬಂದ ಹೆಣ್ಣಿನ ಅಪ್ಪನಿಗೇ, "ಬೇಳೆ ಹೋದ್ ವರ್ಸದ್ದು ಕಣ್ರೀ. ಅದ್ರಲ್ಲೂ ಮೂಟೆ ತಳದ್ದು" ಎಂದುಬಿಟ್ಟರು. ಆ ಮನುಷ್ಯನ ಮುಖ ಬೇಳೆಗಿಂತ ಬೇಗ ಬೆಂದುಹೋಯಿತು. ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಹುಣಸೂರಿನವರೆಗೂ ಬೇರೆ ಸೀಟಿನಲ್ಲಿ ಕೂತರು.

"ಅಲ್ಲ ಕಣೇ, ನಾನೇನು ಚೆನ್ನಾಗಿಲ್ಲ ಅಂದ್ನಾ? ವಯಸ್ಸು ಹೇಳ್ದೆ ಅಷ್ಟೇಯ!" ಎಂದು ಮಾವ ಕಿಟಕಿಗೆ ಸಮಜಾಯಿಷಿ ಕೊಡುತ್ತಿದ್ದರು.

ಎರಡು ವರ್ಷದ ಹಿಂದೆ ಸೊಪ್ಪು ನೋಡಲು ಬಂದಿದ್ದ ಫ್ರೆಂಚ್ ವ್ಯಾಪಾರಿಯೊಬ್ಬ ಈ ಮೂಗಿಗೆ ಮರುಳಾಗಿ, ಎರಡು ಬಾಟಲಿ ಕೆಂಪು ವೈನು ಕಳಿಸಿದ. ಬೋರ್ಡೊ ಎಂಬ ಸೀಮೆಯದು, ಎರಡೂ ಒಂದೇ ದ್ರಾಕ್ಷಿ ತೋಟದ್ದು. ಒಂದರ ಚೀಟಿಯಲ್ಲಿ 2013, ಇನ್ನೊಂದರಲ್ಲಿ 2015. ಹದಿಮೂರರಲ್ಲಿ ಅಲ್ಲಿ ಕುಯ್ಲಿನ ಹೊತ್ತಿಗೆ ಮಳೆ ಹಿಡಿದಿತ್ತಂತೆ, ಹದಿನೈದರಲ್ಲಿ ಒಳ್ಳೆಯ ಬಿಸಿಲಂತೆ. ಮಾವ ಕುಡಿಯುವವರಲ್ಲ. ಆದರೂ ಬಾಟಲಿಗಳನ್ನು ಉಪ್ಪಿನಕಾಯಿ ಜಾಡಿಗಳ ನಡುವೆ ಜೋಪಾನವಾಗಿಟ್ಟರು. ಒಂದೇ ಹೊಲ, ಎರಡು ವರ್ಷ! ಬೇಸಾಯಗಾರನಿಗೆ ಇದಕ್ಕಿಂತ ಸೊಗಸಾದ ಉಡುಗೊರೆ ಉಂಟೆ?

ಅಷ್ಟರಲ್ಲಿ ಆಗಬಾರದ್ದು ಆಯಿತು. ಹೋದ ಹಂಗಾಮಿನಲ್ಲಿ ಮಾವ "ಬೆಂಕಿ ಏರ್ಸಿ" ಎಂದದ್ದನ್ನು ನಂಬಿದ್ದಕ್ಕೆ ಅವರ ತಮ್ಮನ ಮಗನ ಒಂದು ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಯಿತು. ಈ ವರ್ಷ ಬೇಯಿಸುವುದು ಶುರುವಾಗುವ ಮುಂಚೆ ಅವನು ಬಂದು, "ದೊಡ್ಡಪ್ಪ, ನೀವು ಮನೇಲಿ ಆರಾಮಾಗಿ ಕೂತ್ಕಳಿ. ಥರ್ಮಾಮೀಟ್ರು ನೋಡ್ಕಂಡು ನಾವೇ ಮಾಡ್ಕತೀವಿ" ಎಂದ. ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಗುಡುಗಿದರು: "ಆ ಎರಡು ಬಾಟ್ಲೀಲಿ ಯಾವ್ದು ಯಾವ್ ವರ್ಸದ್ದು ಅಂತ ಕಣ್ಣು ಕಟ್ಕಂಡು ಹೇಳ್ತೀನಿ. ತಪ್ಪಿದ್ರೆ ಬ್ಯಾರನ್ ಕಡೆ ತಲೆ ಹಾಕಲ್ಲ!"

ಪರೀಕ್ಷಕ ಯಾರು? ಯಾರನ್ನೂ ನಂಬದ ನಾನು!

ಪರೀಕ್ಷೆಯ ಹಿಂದಿನ ಸಂಜೆ ಹೋಗಿ ನೋಡಿದರೆ, ಬಿರಡೆ ಕಿತ್ತ ಬಾಟಲಿಗಳು ತಲೆಗೆ ತೆಳು ಬಟ್ಟೆ ಕಟ್ಟಿಸಿಕೊಂಡು ಬ್ಯಾರನ್ನಿನ ಬಾಗಿಲಲ್ಲಿ ನಿಂತಿದ್ದವು.

"ಇದೇನು ಮಾವ?"

"ಬೇಯ್ಸಿದ ಸೊಪ್ಪು ಗರಿಗರಿ ಇದ್ದಂಗೇ ಮುಟ್ತೀಯೇನ್ಲಾ? ಪುಡಿಯಾಗೋಯ್ತದೆ. ಬಾಗ್ಲು ತೆಗ್ದು ತಂಪಿಗೆ ಬುಡಬೇಕು. ಇದೂ ಇಷ್ಟು ವರ್ಸ ಬಾಯಿ ಮುಚ್ಕಂಡಿತ್ತು. ಹದಕ್ಕೆ ಬರ್ಲಿ ಬುಡು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ, ಇಂಥ ವೈನನ್ನು ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕೆಂದು ಫ್ರೆಂಚರೇ ಹೇಳುತ್ತಾರೆ! ಅವರು ಒಂದೆರಡು ಗಂಟೆ ಬಿಡುತ್ತಾರೆ, ಮಾವ ಒಂದು ರಾತ್ರಿ ಬಿಟ್ಟರು. ನಮ್ಮ ಕಡೆಯವರ ಕೈ ಧಾರಾಳ.

ಬೆಳಿಗ್ಗೆ ಮಾವನ ಮನೆ ಜಗಲಿಯಲ್ಲಿ ಹತ್ತು ಜನ ಸೇರಿದರು. ಮಾವನ ಕಣ್ಣಿಗೆ ಟವೆಲ್ಲು ಕಟ್ಟಿ ನಾನು ಒಳಗೆ ಹೋಗಿ ಎರಡು ಸ್ಟೀಲ್ ಲೋಟಕ್ಕೆ ಸುರಿದೆ. ಆಗ ನನ್ನೊಳಗಿನ ವಿಶ್ವವಿದ್ಯಾನಿಲಯ ಎದ್ದು ಕೂತಿತು. ನಿಜವಾದ ಮೂಗಾದರೆ ಮೋಸವನ್ನೂ ಹಿಡಿಯಬೇಕಲ್ಲವೆ? ಎರಡಕ್ಕೂ ಹದಿಮೂರನ್ನೇ ಸುರಿದುಬಿಟ್ಟೆ.

ಮಾವ ಕುಡಿಯಲಿಲ್ಲ. ಒಂದೊಂದು ಲೋಟದಿಂದ ಒಂದೊಂದು ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು, ಸೊಪ್ಪು ತಿಕ್ಕಿದ ಹಾಗೆ ಬೆರಳಲ್ಲಿ ತಿಕ್ಕಿ ಮೂಸಿದರು. ಬಹಳ ಹೊತ್ತು ಮೂಸಿದರು.

"ಮೂಸ್ತಾ ಅವ್ರೋ, ನಿದ್ದೆ ಹೊಡೀತಾ ಅವ್ರೋ?" ಎಂದರು ಅತ್ತೆ.

"ಸುಮ್ನಿರೇ. ಎಡಗಡೇದು ಬಿಸ್ಲು ಕಂಡ ಬೆಳೆ, ಹದಿನೈದು. ಬಲಗಡೇದು ಮಳೆಗೆ ಸಿಕ್ಕಿದ್ದು, ಹದಿಮೂರು."

ಎಲ್ಲರೂ ನನ್ನ ಕಡೆ ತಿರುಗಿದರು. ಟವೆಲ್ಲು ಬಿಚ್ಚಿ ಮಾವನೂ ನೋಡಿದರು. ಆ ಕಣ್ಣುಗಳಲ್ಲಿ ಎಂದಿನ ಗತ್ತು ಇರಲಿಲ್ಲ. ಫಲಿತಾಂಶದ ಹಲಗೆಯ ಮುಂದೆ ನಿಂತವನ ಅಳುಕು ಇತ್ತು.

"ಸರಿ" ಎಂದೆ.

ಬದುಕಿನಲ್ಲಿ ಅಷ್ಟು ಖಚಿತವಾಗಿ ನಾನು ಇನ್ನೇನನ್ನೂ ಹೇಳಿಲ್ಲ. ಹೇಳಿದ ಮೇಲೆ ಮಾಮೂಲಿನ ಅನುಮಾನ ಹತ್ತಿತು: ಎರಡಕ್ಕೂ ಹದಿಮೂರನ್ನೇ ಸುರಿದೆನೆ? ಕೈತಪ್ಪಿ ಹದಿನೈದು ಬಿದ್ದಿರಬಾರದೇಕೆ?

"ಆಯ್ತು ದೊಡ್ಡಪ್ಪ, ನೀವೇ ಬನ್ನಿ" ಎಂದು ತಮ್ಮನ ಮಗ ಎದ್ದ. ಜನ ಚದುರಿದರು, ಅತ್ತೆ ಒಳಗೆ ಹೋದರು. ಮಾವ ಮಾತ್ರ ಕೂತೇ ಇದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಹೋದ ವರ್ಸ ಜ್ವರ ಬಂದಿತ್ತಲ್ಲ, ಅವತ್ತಿಂದ ಯಾವ್ ವಾಸ್ನೇನೂ ಗೊತ್ತಾಯ್ತಾ ಇಲ್ಲ ಕಣ್ಲಾ. ಸೊಪ್ಪೂ ಅಷ್ಟೇ, ಸಾರೂ ಅಷ್ಟೇ. ನಿಮ್ಮತ್ತೆಗೂ ಹೇಳಿಲ್ಲ. ಇವತ್ತು ಸುಮ್ನೆ ಅಂದಾಜಲ್ಲಿ ಹೇಳ್ದೆ."

ಅವರು ಲೋಟಗಳನ್ನು ನನ್ನತ್ತ ತಳ್ಳಿದರು.

"ಎಂಗೈತೆ ಅಂತ ನೀನಾದ್ರೂ ಮೂಸಿ ಹೇಳ್ಲಾ."

ಎಡಲೋಟಕ್ಕೆ ಮೂಗು ಹಾಕಿದೆ. "ಒದ್ದೆ ಗೋಣಿಚೀಲ, ಮಾವ. ಆಮೇಲೆ ಹುಣಸೆ ಚಿಗುರು. ಹಣ್ಣಿನ ವಾಸನೆ ಎಲ್ಲೋ ದೂರದಲ್ಲಿದೆ." ಬಲಲೋಟ ಎತ್ತಿಕೊಂಡು, "ಇದು... ನೇರಳೆಹಣ್ಣು..." ಎಂದು ತಡವರಿಸಿದೆ.

"ಪುಸ್ತಕ ಓದ್ದಂಗೆ ಹೇಳ್ಬ್ಯಾಡ. ಮೂಗು ಹೇಳಿದ್ದು ಹೇಳು."

ಮತ್ತೆ ಮೂಸಿದೆ. "ಒದ್ದೆ ಗೋಣಿಚೀಲ."

ಮಾವ ಕಣ್ಣು ಮುಚ್ಚಿ ಕೂತಿದ್ದರು. ಮುಖ ನಿಧಾನವಾಗಿ ಅರಳಿತು.

"ಎರಡೂ ಮಳೆಗೆ ಸಿಕ್ಕಿದ್ದು! ಎರಡೂ ಹದಿಮೂರು! ಲೇ ಕಳ್ಳ, ಒಂದೇ ಬಾಟ್ಲೀದು ಸುರ್ದಿದ್ದೀಯಲ್ಲೋ!"

ಬೆನ್ನಿಗೆ ಒಂದು ಬಿತ್ತು. ಬಿದ್ದ ಕೈ ಅಲ್ಲೇ ಉಳಿಯಿತು.

"ನಾಳೆ ಹೊತ್ತುಟ್ಟೋವಾಗ ಬ್ಯಾರನ್ ತಾವ ಬಾ. ಮೊದ್ಲು ನನ್ ತಮ್ಮನ್ ಮಗನ್ಗೆ ನಿಜ ಹೇಳ್ಬುಡಾನ. ಆಮೇಲೆ ನೀನು ಮೂಸು. ನಾನು ಹೇಳ್ತೀನಿ."