ಕಡಲೆಕಾಯಿ ಪೊಟ್ಟಣದಲ್ಲಿ ಗೋಪ್ಯ ಕಾಲಂ

ಗ್ರಾಹಕರ ಸಂಘ ಅಂತ ಒಂದು ಬೋರ್ಡು ತಗುಲಿಹಾಕಿಕೊಂಡು ಕೂತರೆ ಸಾಕು, ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳು ತಾವಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತವೆ. ನಾನು ವಿಮಾ ಕಚೇರಿಯ ಗುಮಾಸ್ತ. ಭಾನುವಾರ ಮಾತ್ರ ಮೂವರು ಗೆಳೆಯರ ಜೊತೆ ಇಂದಿರಾನಗರದ ಒಂದು ಕಾರ್‌ಶೆಡ್ಡಿನಲ್ಲಿ ಈ ಸಂಘ ನಡೆಸುತ್ತಿದ್ದೆ. ಗ್ರೈಂಡರಿನ ಕಲ್ಲು ತಿರುಗಲಿಲ್ಲ, ಡ್ರೈಕ್ಲೀನಿಂಗಿಗೆ ಕೊಟ್ಟ ರೇಷ್ಮೆ ಸೀರೆ ಬಣ್ಣಗೆಟ್ಟು ಬಂತು, ಇಂಥವೇ ದೂರುಗಳು. ಗುಟ್ಟು ಕಳೆದುಹೋಗಿದೆ, ಏನಾದರೂ ಮಾಡಿ ಅಂತ ಬಂದದ್ದು ಒಂದೇ ಸಂಸಾರ. ಅವರ ಕೇಸಿನಲ್ಲಿ ಏನೇನು ನಡೆಯಿತೋ ಅದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಹತ್ತೊಂಬತ್ತು ಪೊಟ್ಟಣ

ಬಂದವರು ವಿಮಾನಪುರದ ಕ್ವಾರ್ಟರ್ಸ್‌ನಲ್ಲಿದ್ದ ಒಬ್ಬ ಫೋರ್‌ಮನ್ ಮತ್ತು ಅವರ ಮಗಳು. ಮಗಳಿಗೆ ಮೂವತ್ತೊಂದು, ಕಗ್ಗದಾಸಪುರದ ಶಾಲೆಯೊಂದರಲ್ಲಿ ಟೀಚರ್. ಫೋರ್‌ಮನ್ ತಮ್ಮ ಬಟ್ಟೆಯ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಹದಿಮೂರು ಬಿಚ್ಚಿದ ಪೊಟ್ಟಣದ ಕಾಗದಗಳು, ಆರು ಬಿಚ್ಚದ ಕಡಲೆಕಾಯಿ ಪೊಟ್ಟಣಗಳು.

"ಕಡಲೆಕಾಯಿ ಜೊಳ್ಳಾ ಸಾರ್?" ಎಂದೆ. ಅಂಥ ದೂರೂ ಒಮ್ಮೆ ಬಂದಿತ್ತು.

"ಕಡಲೆಕಾಯಿ ಚೆನ್ನಾಗಿದೆ. ಪೇಪರ್ ನೋಡಿ," ಎಂದರು.

ನೋಡಿದೆ. ಇಂದಿರಾನಗರದ ಒಂದು ವಿವಾಹ ಬ್ಯೂರೋದ ಅಚ್ಚಾದ ಫಾರಂ. ಹುಡುಗನ ಹೆಸರು, ನಕ್ಷತ್ರ, ಎತ್ತರ, ಸಂಬಳ, ಮನೆಯ ಫೋನ್ ನಂಬರು. ಹಿಂಬದಿಯಲ್ಲಿ 'ಗೋಪ್ಯ: ಕಚೇರಿಯ ಉಪಯೋಗಕ್ಕೆ ಮಾತ್ರ' ಎಂಬ ಕಾಲಂ. ಅದರಲ್ಲಿ, 'ಹುಡುಗನಿಗೆ ಸಿಟ್ಟು ಹೆಚ್ಚು. ಮದುವೆಯಾದ ಮೇಲೆ ಸರಿಹೋಗಬಹುದು' ಎಂದು ಬರೆದಿತ್ತು.

ಗುರುವಾರ ಸಂಜೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತ ಫೋರ್‌ಮನ್ ಒಂದು ಪೊಟ್ಟಣ ಕೊಂಡಿದ್ದಾರೆ. ತಿಂದಾದ ಮೇಲೆ ಪೊಟ್ಟಣದ ಕಾಗದ ಓದುವುದು ಅವರ ಹಳೆಯ ಅಭ್ಯಾಸ. ಓದಿದರೆ ಅದೇ ಬ್ಯೂರೋ, ಮಗಳ ಫಾರಂ ಕೊಟ್ಟಿದ್ದ ಬ್ಯೂರೋ. ಬಂದ ಬಸ್ಸನ್ನೂ ಬಿಟ್ಟು, ಬುಟ್ಟಿಯಲ್ಲಿದ್ದ ಪೊಟ್ಟಣವನ್ನೆಲ್ಲ ಕೊಂಡು ಮನೆಗೆ ಹೋಗಿದ್ದರು.

"ನಿಮ್ಮ ಗೋಪ್ಯ ಕಾಲಂನಲ್ಲಿ ಏನಿತ್ತಮ್ಮ?" ಎಂದು ಮಗಳನ್ನು ಕೇಳಿದೆ.

ಆಕೆ ಮೇಜಿನ ಅಂಚನ್ನೇ ನೋಡುತ್ತ ಹೇಳಿದಳು. "ನಂಗೆ ಒಂದು ಮದುವೆ ಆಗಿತ್ತು ಸಾರ್. ಎಂಟು ತಿಂಗಳಿಗೆ ಮುರೀತು, ಡೈವೋರ್ಸ್ ಆಯ್ತು. ಆಗ ಬೇರೆ ಊರಲ್ಲಿದ್ವಿ. ಅಪ್ಪಂಗೆ ವರ್ಗ ಆಗಿ ಇಲ್ಲಿಗೆ ಬಂದು ನಾಲ್ಕು ವರ್ಷ. ಕ್ವಾರ್ಟರ್ಸ್‌ನಲ್ಲಿ ಯಾರಿಗೂ ಗೊತ್ತಿಲ್ಲ. ಗಂಡಿನ ಕಡೆಯವರಿಗೆ ನಾವೇ ಕೂತು ಹೇಳ್ತೀವಿ, ಮಿಕ್ಕವರಿಗೆ ಬೇಡ ಅಂತ ಬ್ಯೂರೋದಲ್ಲಿ ಬರೆಸಿದ್ವಿ. ಸ್ಕೂಲ್ ಗೇಟ್ ಮುಂದೆನೂ ಒಬ್ಬ ಕಡಲೆಕಾಯಿ ಮಾರ್ತಾನೆ ಸಾರ್. ಎರಡು ದಿನದಿಂದ ಮಕ್ಕಳ ಕೈ ನೋಡೋದೇ ಆಗಿದೆ."

ನನಗೆ ಮೈ ಉರಿದುಹೋಯಿತು. ಫೀಸು ತೆಗೆದುಕೊಂಡು ಒಂದು ಹಾಳೆ ಜೋಪಾನ ಮಾಡಲಾಗದವರು ಬ್ಯೂರೋ ಯಾಕೆ ಇಡಬೇಕು. ಗ್ರಾಹಕ ಕಾನೂನಿನ ಪುಸ್ತಕ ತೆಗೆದು ವಿವರಿಸಿದೆ. ಇದು ಸೇವೆಯಲ್ಲಿನ ಲೋಪ. ಮೊದಲು ಪೊಲೀಸರಿಗೆ ಒಂದು ದೂರು, ಬ್ಯೂರೋಗೆ ನೋಟಿಸು, ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಕೋರ್ಟು. ಅಲ್ಲಿ ವಕೀಲರೇ ಬೇಕೆಂದಿಲ್ಲ, ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೂ ನಡೆಯುತ್ತದೆ.

"ಇದರಲ್ಲಿ ನಿಮ್ಮ ಹಾಳೆ ಸಿಕ್ತಾ?"

"ಇಲ್ಲ. ಇನ್ನೂ ಆರು ಬಾಕಿ," ಎಂದರು ಫೋರ್‌ಮನ್. "ಒಂದು ಪೊಟ್ಟಣ ತಿಂದು ಮುಗಿಸದೆ ಇನ್ನೊಂದು ಬಿಚ್ಚೋ ಪದ್ಧತಿ ನಮ್ಮನೇಲಿಲ್ಲ ಸಾರ್. ಹದಿಮೂರಕ್ಕೇ ಹೊಟ್ಟೆ ಕೈಕೊಟ್ತು."

೨. ಠಾಣೆಯಲ್ಲಿ

ಬಿಚ್ಚದ ಪೊಟ್ಟಣವನ್ನು ಪೊಲೀಸರ ಎದುರೇ ಬಿಚ್ಚಿದರೆ ಸಾಕ್ಷ್ಯಕ್ಕೆ ತೂಕ ಜಾಸ್ತಿ ಅಂತ ನನ್ನ ಬುದ್ಧಿವಂತಿಕೆ. ಆರನ್ನೂ ಹಾಗೇ ಠಾಣೆಗೆ ಒಯ್ದೆವು.

"ಏನು ಕಳುವಾಗಿದೆ?" ಎಂದರು ಸಬ್ ಇನ್ಸ್‌ಪೆಕ್ಟರು.

"ಮಾಹಿತಿ ಸಾರ್."

"ಯಾರು ಕದ್ದಿದ್ದು?"

"ಕದ್ದಿಲ್ಲ ಸಾರ್. ಬ್ಯೂರೋದವರೇ ಹಳೇ ಪೇಪರಿಗೆ ಹಾಕಿದ್ದಾರೆ."

"ಅವರ ಪೇಪರ್ ಅವರು ಮಾರಿದ್ರೆ ಕಳವು ಹೆಂಗ್ರೀ ಆಗುತ್ತೆ?"

ನಾನು ಪೇಪರ್ ಓದುವವನು, ಬಿಡಲಿಲ್ಲ. "ಹೊಸದಾಗಿ ಕಂಪ್ಯೂಟರ್ ಕಾನೂನು ಬಂದಿದೆಯಲ್ಲ ಸಾರ್."

ಅವರು ಪೊಟ್ಟಣಗಳನ್ನು ಒಮ್ಮೆ ನೋಡಿದರು. "ಇದರಲ್ಲಿ ಕಂಪ್ಯೂಟರ್ ಎಲ್ಲಿದೆ ತೋರಿಸಿ, ಈಗಲೇ ಕೇಸ್ ಹಾಕ್ತೀನಿ."

ಮನುಷ್ಯ ಕೆಟ್ಟವರಲ್ಲ. ಇದು ಗ್ರಾಹಕರ ಕೋರ್ಟಿಗೆ ಹೋಗಬೇಕಾದ ವ್ಯಾಜ್ಯ ಎಂದು ಹಿಂಬರಹ ಬರೆಸಿಕೊಟ್ಟರು. ಅದನ್ನು ಬರೆಯುವ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ಲರು ಸಾಕ್ಷ್ಯ ಪರಿಶೀಲನೆ ಶುರು ಮಾಡಿದ್ದರು. ಒಂದೊಂದೇ ಪೊಟ್ಟಣ ಬಿಚ್ಚುವುದು, ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದು, ಓದುವುದು. ಆರರಲ್ಲೂ ಟೀಚರಮ್ಮನ ಹಾಳೆ ಇರಲಿಲ್ಲ. ಆರನೆಯದನ್ನು ಮಾತ್ರ ಅವರು ಎರಡು ಸಲ ಓದಿದರು.

"ಹುಡುಗಿ ಬಿ.ಕಾಂ. ನಮ್ಮ ಭಾವಮೈದನಿಗೆ ಸರಿಹೋಗ್ತಾಳೆ ಸಾರ್," ಎಂದು ಜೇಬಿನಿಂದ ಡೈರಿ ತೆಗೆದು ನಂಬರ್ ಬರೆದುಕೊಂಡರು. ಆ ದಿನ ಠಾಣೆಯಿಂದ ಎಫ್‌ಐಆರ್ ಹೊರಡಲಿಲ್ಲ, ಒಂದು ಸಂಬಂಧ ಹೊರಟಿತು.

೩. ಬ್ಯೂರೋದ ಶಿಸ್ತು

ನೋಟಿಸು ಕೈಯಲ್ಲೇ ಕೊಟ್ಟು ಬರೋಣವೆಂದು ಬ್ಯೂರೋಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆ ಏಸಿ, ಮೇಜಿನ ಮೇಲೆ ಹೊಚ್ಚಹೊಸ ಕಂಪ್ಯೂಟರು. ಮಾಲೀಕರು ನೋಟಿಸು ಓದಿ ಗಾಬರಿಯಾಗಲೇ ಇಲ್ಲ.

"ನಮ್ಮಲ್ಲಿ ಲೀಕ್ ಆಗೋ ಚಾನ್ಸೇ ಇಲ್ಲ ಸಾರ್. ಎಲ್ಲಾ ಕಂಪ್ಯೂಟರಿಗೆ ಹತ್ತಿಸಿದ್ದೀವಿ. ಪಾಸ್‌ವರ್ಡ್ ನಂಗೂ ಗೊತ್ತಿಲ್ಲ, ಆಪರೇಟರ್ ಹುಡುಗಿಗೆ ಮಾತ್ರ ಗೊತ್ತು."

"ಹತ್ತಿಸಿದ ಮೇಲೆ ಫಾರಂ ಏನ್ ಮಾಡಿದ್ರಿ?"

"ಕಂಪ್ಯೂಟರಲ್ಲಿ ಇದೆಯಲ್ಲ, ಪೇಪರ್ ಯಾಕೆ ಅಂತ ತೆಗೆಸಿಬಿಟ್ಟೆ."

ಕಡಲೆಕಾಯಿಯ ಸಿಪ್ಪೆ ಅಂಟಿದ್ದ ಒಂದು ಫಾರಂ ಅವರ ಮುಂದಿಟ್ಟೆ. ಅವರು ಅದನ್ನು ಸವರಿ ನೆಟ್ಟಗೆ ಮಾಡಿ, ಟೀಚರಮ್ಮನ ಕಡೆ ತಿರುಗಿ, "ಈ ಹುಡುಗ ಇನ್ನೂ ಖಾಲಿ ಇದ್ದಾನಮ್ಮ, ಜಾತಕ ನೋಡಿಸ್ಲಾ?" ಎಂದರು. ಫೋರ್‌ಮನ್ನರಿಗೆ ಕೋಪ ನೆತ್ತಿಗೇರಿತು. ನಾನು ಅವರ ಕೈ ಹಿಡಿದು ಕೂರಿಸಿದೆ.

"ಅದಿರಲಿ, ಆ ಫಾರಂಗಳನ್ನ ಯಾರಿಗೆ ಮಾರಿದ್ರಿ? ಅಷ್ಟು ಹೇಳಿ," ಎಂದೆ.

ಮಾಲೀಕರು ಕುರ್ಚಿಗೆ ಒರಗಿ ಗಂಭೀರವಾದರು. "ಅದೆಲ್ಲ ಆಫೀಸ್ ವ್ಯವಹಾರ. ಹೊರಗಿನವರಿಗೆ ಹೇಳೋಕಾಗಲ್ಲ ಸಾರ್. ನಮ್ಮಲ್ಲಿ ಎಲ್ಲಾ ಗೋಪ್ಯ."

೪. ಶಿವಾಜಿನಗರದ ಸಾಬರು

ಬಾಗಿಲಲ್ಲಿದ್ದ ವಾಚ್‌ಮನ್ ಅಷ್ಟು ಗೋಪ್ಯದ ಮನುಷ್ಯನಲ್ಲ. ಪೇಪರ್ ಹೋದದ್ದು ಶಿವಾಜಿನಗರದ ಇಂಥ ಗಲ್ಲಿಯ ಸಾಬರ ಅಂಗಡಿಗೆ ಎಂದು ಕೇಳುವ ಮೊದಲೇ ಹೇಳಿದ. ಮೂವರೂ ಆಟೋ ಹತ್ತಿದೆವು.

ಸಾಬರಿಗೆ ಎಪ್ಪತ್ತರ ಹತ್ತಿರ. ಸೂರಿಗೆ ತಾಗುವಷ್ಟು ಹಳೇ ಪೇಪರಿನ ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ವಿಷಯ ಕೇಳಿ ತಲೆಯಾಡಿಸಿದರು.

"ಪೇಪರ್ ಎಲ್ಲಾ ಹೋಯ್ತು ಸಾಬ್. ದಪ್ಪ ಕಾಗಜ್ ನೋಡಿ, ಕಡ್ಲೆಕಾಯಿನೋರು ತಗೊಂಡೋದ್ರು. ಆದ್ರೆ ಫೋಟೋ ನಾನು ಕೊಡಲಿಲ್ಲ."

ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಪ್ರತಿ ಫಾರಂನಿಂದಲೂ ಪಿನ್ನು ಬಿಚ್ಚಿ ತೆಗೆದ ಫೋಟೋಗಳು ಅದರೊಳಗೆ ನೀಟಾಗಿದ್ದವು.

"ಹೆಣ್ಮಕ್ಕಳ ಫೋಟೋ ರಸ್ತೆ ಮೇಲೆ ಬೀಳಬಾರದು. ನಮ್ಮನೇಲೂ ಮೂರು ಬೇಟಿ ಇದಾರೆ," ಎಂದರು.

ಟೀಚರಮ್ಮ ತನ್ನ ಫೋಟೋ ಹುಡುಕಿ ತೆಗೆದುಕೊಂಡಳು. ಕಣ್ಣು ತುಂಬಿತ್ತು. ಹಾಳೆಯಲ್ಲಿ ಹೆಸರಿದ್ದರೂ ಮುಖವಿಲ್ಲ ಎಂಬುದೇ ಅವಳಿಗೆ ಅರ್ಧ ಸಮಾಧಾನ. ನನಗೂ ಮನಸ್ಸು ತಂಪಾಯಿತು. ಏಸಿಯಲ್ಲಿ ಕೂತವರಿಗೆ ಹೊಳೆಯದ ಜವಾಬ್ದಾರಿ ಈ ಧೂಳಿನ ನಡುವೆ ಇದೆಯಲ್ಲ ಎಂದು ಒಂದು ಸಣ್ಣ ಭಾಷಣವನ್ನೇ ಬಿಗಿದೆ. ಜನರ ಖಾಸಗಿ ಕಾಗದವನ್ನು ತೂಕಕ್ಕೆ ಹಾಕುವವರಿಗೆ ನಾಚಿಕೆಯಾಗಬೇಕು ಎಂದೆ.

"ಹೌದು ಸಾಬ್," ಎಂದು ಸಾಬರು ಪಕ್ಕದ ಕಟ್ಟಿನಿಂದ ಒಂದು ಫೈಲ್ ಎಳೆದರು. "ಇದೂ ಇಂದಿರಾನಗರದ್ದೇ. ಪಾಪ, ಜನ ಅಳ್ತಾ ಬರ್ದಿರೋ ಲೆಟರು. ವಿಳಾಸ, ಸಹಿ, ಎಲ್ಲಾ ಇದೆ."

ಫೈಲಿನ ಮೇಲೆ ನಮ್ಮ ಗ್ರಾಹಕರ ಸಂಘದ ರಬ್ಬರ್ ಸ್ಟಾಂಪಿತ್ತು. ಆಯುಧಪೂಜೆಗೆ ಶೆಡ್ಡು ಗುಡಿಸಿದಾಗ ಹಳೆಯ ದೂರುಗಳನ್ನು ನಾನೇ ಪೇಪರಿನವನಿಗೆ ಹಾಕಿದ್ದೆ. ಸ್ಟಾಂಪು ಕಾಣದ ಹಾಗೆ ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಟೋ ಕರೆದೆ.

೫. ಎದುರು ಮನೆಯ ಸಾಕ್ಷಿ

ನೋಟಿಸಿಗೆ ಉತ್ತರ ಬರಲಿಲ್ಲ, ಕೋರ್ಟಿಗೆ ಹಾಕಿದೆವು. ಟೀಚರಮ್ಮನ ಗುಟ್ಟನ್ನು ದೂರಿನಲ್ಲಿ ಬರೆಯದೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟೆ. ವಿಚಾರಣೆಯನ್ನು ಒಳಕೋಣೆಯಲ್ಲಿ ನಡೆಸಬೇಕೆಂದು ಕೇಳಿದೆ, ಕೋರ್ಟಿನ ಅಧ್ಯಕ್ಷರು ಒಪ್ಪಿದರು. ಫಾರಂಗಳಿದ್ದವು, ಠಾಣೆಯ ಹಿಂಬರಹವಿತ್ತು, ಫೋಟೋ ಸಿಕ್ಕಿತೆಂದು ಸಾಬರು ಬರೆದುಕೊಟ್ಟ ಕಾಗದವಿತ್ತು. ಗೆದ್ದೇ ಗೆಲ್ಲುತ್ತೇವೆ ಅಂತ ಬೀಗುತ್ತಿದ್ದೆ.

ಆಗ ಬ್ಯೂರೋದ ವಕೀಲರು ಒಂದು ಬಾಂಬು ಹಾಕಿದರು. ಈ ವಿಷಯ ಕ್ವಾರ್ಟರ್ಸ್‌ನಲ್ಲಿ ಮೊದಲೇ ಎಲ್ಲರಿಗೂ ಗೊತ್ತು, ಗೊತ್ತಿರುವುದು ಸೋರಿದರೆ ನಷ್ಟವೇನು, ಅದಕ್ಕೆ ಅವರ ಎದುರು ಮನೆಯಾಕೆಯೇ ಸಾಕ್ಷಿ ಎಂದರು.

ಟೀಚರಮ್ಮನ ಮುಖ ಬಿಳಿಚಿಕೊಂಡಿತು. ಆ ಎದುರು ಮನೆಯಾಕೆಯೋ ಬ್ಲಾಕಿನಲ್ಲಿ ಯಾರ ಮನೆಗೆ ಯಾವ ತರಕಾರಿ ಬಂತು ಎನ್ನುವುದನ್ನೂ ಬಲ್ಲವರಂತೆ. ನಾಲ್ಕು ವರ್ಷ ಯಾರಿಂದ ಮುಚ್ಚಿಟ್ಟಿದ್ದರೋ ಆಕೆಯ ಬಾಯಿಂದಲೇ ಈಗ ಎಲ್ಲ ಹೊರಬರುವುದರಲ್ಲಿತ್ತು. ಫೋರ್‌ಮನ್ ಕಣ್ಣು ಮುಚ್ಚಿ ಕೂತುಬಿಟ್ಟರು.

ಆಕೆ ಹೊಸ ಸೀರೆಯುಟ್ಟು ಬಂದು ಪ್ರಮಾಣ ಮಾಡಿದರು.

"ಎದುರು ಮನೆ ಮಗಳ ವಿಷಯ ನಿಮಗೆ ಗೊತ್ತಲ್ವಾ?" ಎಂದರು ವಕೀಲರು.

"ಗೊತ್ತು."

"ಏನು ಗೊತ್ತು ಹೇಳಿ."

"ಹೇಳಲ್ಲ."

"ಯಾಕಮ್ಮ? ಬ್ಲಾಕ್‌ನಲ್ಲಿ ನಂಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ನಮ್ಮವರ ಹತ್ರ ಹೇಳಿದ್ರಂತೆ."

"ಗೊತ್ತು ಅಂದೆ. ಏನು ಅಂತ ಹೇಳಿದ್ನಾ?"

ಅಧ್ಯಕ್ಷರು ಮಧ್ಯೆ ಬಂದರು. "ತಾಯಿ, ಸತ್ಯ ಹೇಳ್ತೀನಿ ಅಂತ ಪ್ರಮಾಣ ಮಾಡಿದ್ದೀರಿ."

"ಸತ್ಯಾನೇ ಹೇಳ್ತಿದ್ದೀನಿ ಸ್ವಾಮಿ. ನಾನು ಹೇಳಲ್ಲ. ಅವರ ಮನೆ ವಿಷಯ ಅವರು ಹೇಳಿಕೊಂಡ್ರೆ ಚೆಂದ."

ಅಧ್ಯಕ್ಷರು ಪೆನ್ನು ಕೆಳಗಿಟ್ಟು ವಕೀಲರ ಕಡೆ ನೋಡಿದರು. "ಈ ತಾಯಿ ಬಿಟ್ಟಿಯಾಗಿ ಮಾಡ್ತಿರೋ ಕೆಲಸ, ಫೀಸು ತಗೊಂಡೂ ನಿಮ್ಮ ಕಕ್ಷಿದಾರರ ಕೈಲಿ ಯಾಕ್ರೀ ಆಗಲಿಲ್ಲ?"

ಮುಂದಿನ ತಿಂಗಳು ತೀರ್ಪು ನಮ್ಮ ಕಡೆ ಆಯಿತು. ಬ್ಯೂರೋ ಪರಿಹಾರ ಕೊಡಬೇಕು, ಕ್ಷಮೆ ಕೇಳಿ ಪತ್ರ ಬರೆಯಬೇಕು, ಸಿಕ್ಕಿದ ಫಾರಂಗಳನ್ನೆಲ್ಲ ಅವರವರಿಗೆ ಹಿಂತಿರುಗಿಸಬೇಕು ಅಂತ. ಆದರೆ ಟೀಚರಮ್ಮನ ಎದೆಯ ಭಾರ ಇಳಿದದ್ದು ಸಾಕ್ಷಿಯ ದಿನವೇ, ಕೋರ್ಟಿನ ಕಾರಿಡಾರಿನಲ್ಲಿ.

ಆಕೆ ಎದುರು ಮನೆಯಾಕೆಯ ಕೈ ಹಿಡಿದುಕೊಂಡು, "ಆಂಟಿ, ಎಷ್ಟು ದಿನದಿಂದ ಗೊತ್ತು?" ಎಂದಳು.

"ನೀವು ಬಂದ ವರ್ಷದಿಂದ ಗೊತ್ತು ಪುಟ್ಟಿ. ನಿಂಗೆ ನೋವಾಗುತ್ತೆ ಅಂತ ಯಾರೂ ಎತ್ತಲಿಲ್ಲ, ಅಷ್ಟೇ. ಅದರಲ್ಲೇನಿದೆ, ನಿಂದೇನು ತಪ್ಪು?"

ಟೀಚರಮ್ಮ ಅಳುತ್ತಲೇ ನಕ್ಕಳು. ಇಷ್ಟು ತಿಂಗಳಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋರ್‌ಮನ್ನರಿಗೆ ಮಾತ್ರ ಇನ್ನೂ ಅನುಮಾನ ಹೋಗಿರಲಿಲ್ಲ.

"ಬೇರೆ ಯಾರಿಗೆ ಗೊತ್ತಮ್ಮ?" ಎಂದರು.

"ಯಾರಿಗೂ ಗೊತ್ತಿಲ್ಲ ಅಣ್ಣ. ನಮ್ಮ ಬ್ಲಾಕು, ಹಿಂದಿನ ಬ್ಲಾಕು, ಹಾಲಿನ ಬೂತಿನೋರು, ಇಷ್ಟು ಜನ ಬಿಟ್ರೆ ಒಂದು ನರಪಿಳ್ಳೆಗೂ ಗೊತ್ತಿಲ್ಲ."

"ಅಷ್ಟು ಜನಕ್ಕೆ ಹೇಳಿದ್ದು ಯಾರು?"

ಎದುರು ಮನೆಯಾಕೆ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ, ಆದಷ್ಟು ಮೆದುವಾಗಿ ಹೇಳಿದರು. "ನಿಮ್ಮನೆಯವರು ಪ್ರತಿ ಯುಗಾದಿಗೂ ಮನೆಮನೆಗೆ ಒಬ್ಬಟ್ಟು ಕಳಿಸ್ತಾರಲ್ಲ ಅಣ್ಣ, ಆ ಸ್ಟೀಲ್ ಡಬ್ಬಿಗಳು. ಮಗಳ ಹೆಸರು, ಅಳಿಯನ ಹೆಸರು, ಮದುವೆ ತಾರೀಕು, ಮುಚ್ಚಳದ ಮೇಲೇ ಕೆತ್ತಿಸಿದ್ದೀರಿ."