ಮಾಳಿಗೆಯ ಮೇಲೊಂದು ಪೆಂಗ್ವಿನ್

ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆ ಬರುವಂತೆ ನಮ್ಮ ಮನೆತನದಲ್ಲಿ ಚಿಂತೆ ಬರುತ್ತದೆ. ಅಜ್ಜ ಬಾವಿ ಬತ್ತೀತೆಂದು ಚಿಂತಿಸುತ್ತಿದ್ದ. ಅಪ್ಪ ಬಸ್ಸು ತಪ್ಪೀತೆಂದು ಚಿಂತಿಸಿ, ಅದು ಬರುವ ಮುಂಚೆಯೇ ನಡೆದುಕೊಂಡು ಊರು ಸೇರುತ್ತಿದ್ದ. ಆದರೆ ಅವರಿಬ್ಬರ ಚಿಂತೆ ಕುಂದಗೋಳ ತಾಲೂಕನ್ನು ದಾಟಿರಲಿಲ್ಲ. ನನ್ನದು ಮೊಬೈಲು ಕೈಗೆ ಬಂದಮೇಲೆ ದಕ್ಷಿಣ ಧ್ರುವದವರೆಗೂ ಹೋಗಿ ಬರುತ್ತದೆ. ಮನೆಯ ಮುಂದಿನ ಖೋಲಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಗಿರಾಕಿಗಳಿಗೆ 'ಸ್ವಲ್ಪ ನಗ್ರಿ' ಎನ್ನುವುದು ನನ್ನ ಕಸುಬು. ಹಾಗೆನ್ನುವಾಗಿನ ನನ್ನ ಮುಖ ನೋಡಿ, ಯಾರಾದರೂ ತೀರಿಕೊಂಡರೇನೋ ಎಂದು ಅವರೇ ಗಂಭೀರವಾಗಿಬಿಡುತ್ತಾರೆ. ಸ್ಟುಡಿಯೋದ ನಿಜವಾದ ಆಸ್ತಿ ನಾನಲ್ಲ, ಗೋಡೆಗೆ ತೂಗುಹಾಕಿದ ಕರಿ ಕೋಟು. ಊರಿನ ಅರ್ಧ ಗಂಡಸರು ತಮ್ಮ ಪಾಸ್‌ಪೋರ್ಟ್ ಅಳತೆಯ ಫೋಟೋದಲ್ಲಿ ತೊಟ್ಟಿರುವುದು ಅದನ್ನೇ.

ಹೋದ ಬೇಸಿಗೆಯಲ್ಲಿ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮಲ್ಲಿ ಮದುಮಗಳ ಜೊತೆ ತವರಿನ ಶ್ಯಾವಿಗೆ ಬುಟ್ಟಿ ಹೋಗಬೇಕು. ಅಂಗಡಿಯದನ್ನು ಕಳಿಸಿದರೆ ಬೀಗರು ಏನೂ ಅನ್ನುವುದಿಲ್ಲ, ಆದರೆ ಆ ಏನೂ ಅನ್ನದಿರುವುದನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಓಣಿಯ ಹೆಂಗಸರು ಪಾಳಿ ಹಚ್ಚಿಕೊಂಡು, ದಿನಕ್ಕೊಬ್ಬರ ಮನೆಯಲ್ಲಿ ಎಲ್ಲರೂ ಕೂಡಿ ಶ್ಯಾವಿಗೆ ಹೊಸೆಯುತ್ತಾರೆ. ನಮ್ಮ ಪಾಳಿ ತಪ್ಪಿದರೆ ಮದುವೆಯೊಳಗೆ ಇನ್ನೊಂದು ಸಿಗುವಂತಿರಲಿಲ್ಲ. ಹೀಗಾಗಿ ಆ ದಿನವನ್ನು ನನ್ನ ಹೆಂಡತಿ ನೀಲಾ ಮದುವೆಯ ಮುಹೂರ್ತಕ್ಕಿಂತ ಹೆಚ್ಚು ಜತನವಾಗಿ ಕಾದಿದ್ದಳು. ಬೆಳಗಿನಿಂದ ಹೊಸೆದು, ಮಾಳಿಗೆಯ ಮೇಲೆ ಕೋಲುಗಳಿಗೆ ಶ್ಯಾವಿಗೆ ಇಳಿಬಿಟ್ಟು, ಹೆಂಗಸರೆಲ್ಲ ಊಟಕ್ಕೆ ಕೆಳಗಿಳಿದರು. ಕಾಯಲು ನನ್ನನ್ನು ಕೂರಿಸಿದರು.

"ಕಾಗಿ ಬಂದ್ರ ಹೊಡೀರಿ, ಮೋಡ ಬಂದ್ರ ಕೂಗ್ರಿ. ಇಷ್ಟ ಕೆಲಸ" ಎಂದಳು ನೀಲಾ.

ಇಷ್ಟೇ ಕೆಲಸವಿದ್ದಾಗ ಮನುಷ್ಯ ಮೊಬೈಲು ತೆಗೆಯುತ್ತಾನೆ. ತೆಗೆದೆ. ಪೆಂಗ್ವಿನ್ನುಗಳ ವಿಡಿಯೋ ಒಂದು ಬಂತು. ಹಿಮದ ಮೇಲೆ ಒಬ್ಬ ಅಪ್ಪ ಪೆಂಗ್ವಿನ್, ಪಾದಗಳ ಮೇಲೆ ಮೊಟ್ಟೆ ಇಟ್ಟುಕೊಂಡು, ಎರಡು ತಿಂಗಳು ಉಪವಾಸ ನಿಲ್ಲುತ್ತಾನೆ. ಚಳಿ ತಡೆಯಲಾಗದೆ ಎಲ್ಲ ಅಪ್ಪಂದಿರೂ ಒತ್ತೊತ್ತಾಗಿ ಗುಂಪುಗೂಡುತ್ತಾರೆ. ಅಂಚಿನಲ್ಲಿ ಗಾಳಿಗೆ ನಿಂತವನು ಸರಿದು ಸರಿದು ನಡುವಿನ ಬೆಚ್ಚನೆಯ ಜಾಗಕ್ಕೆ ಬರುತ್ತಾನೆ. ನಾನೂ ಒಬ್ಬ ಹೆಣ್ಣುಮಗಳ ಅಪ್ಪನಾದ್ದರಿಂದ ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿದೆ. ಆಮೇಲೆ ಬಂದದ್ದು ನೋಡಿ ಗರಬಡಿದವನಂತಾದೆ. ಸಮುದ್ರ ಬಿಸಿಯಾಗಿ, ಮರಿಗಳು ನಿಂತ ಹಿಮದ ಹಾಸೇ ಹೊತ್ತಿಗೆ ಮುಂಚೆ ಒಡೆಯುತ್ತದಂತೆ. ನೀರು ತಡೆಯುವ ಗರಿ ಇನ್ನೂ ಬಂದಿರದ ಮರಿಗಳು ಮುಳುಗಿ ಸಾಯುತ್ತವಂತೆ. ಪೆಂಗ್ವಿನ್ ನೀರಿನಲ್ಲಿ ಮುಳುಗುವುದೆಂದರೇನು! ಇನ್ನೊಂದು ಸಣ್ಣ ಜಾತಿಯದು ಇನ್ನೂ ಘೋರ. ಹಿಮ ಉದುರಬೇಕಾದಲ್ಲಿ ಮಳೆ ಸುರಿಯುತ್ತದೆ, ಮರಿಗಳ ಮೈಮೇಲಿನ ನಯವಾದ ತುಪ್ಪಟ ತೊಯ್ದು ತೊಪ್ಪೆಯಾಗುತ್ತದೆ, ಗಾಳಿ ಬೀಸಿತೆಂದರೆ ನಿಂತಲ್ಲೇ ಸೆಟೆದು ಬೀಳುತ್ತವೆ. ಲೋಕ ಬಿಸಿಯಾದದ್ದಕ್ಕೆ ಚಳಿಯಿಂದ ಸಾಯುವುದು! ಹಿಮ ಕರಗಿದ ಜಾಗಕ್ಕೆ ಬಂದು ಸಂಸಾರ ಬೆಳೆಸುತ್ತಿರುವ ಮೂರನೆಯ ಜಾತಿಯೂ ಒಂದಿದೆಯಂತೆ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಸಮಾಧಾನವಾಗುವ ಸುದ್ದಿಯನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ.

ಅಷ್ಟರಲ್ಲಿ ಪಕ್ಕದ ಮಾಳಿಗೆಯಿಂದ ರೆಹಮತ್‌ಬಿ ಖಾಲಾ ಕೂಗಿದಳು. ಪಾಳಿ ಹಂಚುವ ಯಜಮಾನಿಕೆ ಅವಳದೇ.

"ತಮ್ಮಾ, ಮಳಿ! ಮಳಿ ಬಂತೋ!"

"ಹೌದ ಖಾಲಾ, ಮಳೀನ! ಬರ್ಫ ಬೀಳೂ ಜಾಗಾದಾಗ ಮಳಿ! ಮರಿಗೋಳೆಲ್ಲಾ ತೋದ ಸತ್ತ್ವು!"

"ಯಾರ ಮರೀನೋ?"

"ಪೆಂಗ್ವಿನ್ನಿನ ಮರಿ!"

"ಯಾ ಅಲ್ಲಾ! ನೀಲವ್ವಾ, ಲಗೂನ ಮ್ಯಾಲೆ ಬಾರವ್ವಾ! ನಿನ್ನ ಗಂಡನ ತಲಿಗೆ ಬಿಸಲ ಏರೇತಿ, ಶ್ಯಾವಿಗಿ ತೋಯಾಕತ್ತೇತಿ!"

ಮೊಬೈಲಿನ ಗಾಜಿನ ಮೇಲೆ ಒಂದು ದಪ್ಪ ಹನಿ ಬಿತ್ತು. ಅದು ದಕ್ಷಿಣ ಧ್ರುವದ್ದಲ್ಲ ಎಂದು ತಿಳಿಯುವಷ್ಟರಲ್ಲಿ ಬೇಸಿಗೆಯ ಅಡ್ಡಮಳೆ ಅಡ್ಡಾದಿಡ್ಡಿ ಸುರಿಯತೊಡಗಿತ್ತು. ಏನು ಮಾಡಬೇಕೆಂದು ತೋಚದೆ, ಎರಡೂ ಕೈ ಅಗಲಿಸಿ ಒಂದು ಕೋಲಿನ ಶ್ಯಾವಿಗೆಯ ಮೇಲೆ ಬಗ್ಗಿ ನಿಂತೆ. ಹೆಂಗಸರು ಮೇಲೆ ಹತ್ತಿ ಬಂದಾಗ ಕಂಡದ್ದು ಆ ದೃಶ್ಯ. ನನ್ನ ಎದೆಯ ಕೆಳಗಿನ ಒಂದು ಹಿಡಿ ಉಳಿದಿತ್ತು. ಮಿಕ್ಕದ್ದೆಲ್ಲ ಮುದ್ದೆಯಾಗಿ, ಕೋಲುಗಳಿಂದ ಜಾರಿ ಮಾಳಿಗೆಯ ಮಣ್ಣು ಸೇರಿತ್ತು.

ನೀಲಾ ಬೈಯಲಿಲ್ಲ. ಒಂದು ಮುದ್ದೆಯನ್ನು ಕೈಯಲ್ಲಿ ಎತ್ತಿಕೊಂಡು ನೋಡುತ್ತ ನಿಂತಳು. ಅದನ್ನು ನೋಡಿ ನನ್ನ ಎದೆ ಮರಿ ಪೆಂಗ್ವಿನ್ನಿನಂತೆ ಮುಳುಗಿತು. ಏನಾದರೂ ಹೇಳಬೇಕೆಂದು ಆ ಉಪವಾಸದ ಅಪ್ಪನ ಕಥೆ ಹೇಳಿದೆ. ಅದನ್ನು ಹೇಳಬಾರದಿತ್ತು.

"ಅಂವಾ ತಿನ್ನಲಾರದ ಎರಡ ತಿಂಗಳ ನಿಂತಾನು. ನಿಮಗ ಹೊಟ್ಟಿ ತುಂಬ ಉಂಡು ಒಂದ ತಾಸ ಕುಂಡ್ರಾಕ ಆಗಲಿಲ್ಲಲ್ರೀ?" ಎಂದಳು. ಧ್ವನಿ ಒಡೆಯಿತು. "ಇನ್ನ ಪಾಳಿ ಎಲ್ಲಿಂದ ತರಲಿ? ಕೂಸು ಬರಿಗೈಲೆ ಹೋಗಬೇಕೇನ?"

ಪಕ್ಕದ ಮಾಳಿಗೆಯಿಂದ ದಾಟಿ ಬಂದಿದ್ದ ಖಾಲಾ ಸೆರಗಿನಿಂದ ಮುಖದ ಮಳೆ ಒರೆಸಿಕೊಂಡು, "ನಾಳಿ ನನ್ನ ಪಾಳಿ ಐತೆಲ್ಲ, ಅದು ನಿಂದು. ನಂದೇನ, ಎಲ್ಲಾರದೂ ಮುಗದ ಮ್ಯಾಲೆ ನೋಡೂಣು" ಎಂದಳು. ಬೆಚ್ಚನೆಯ ಜಾಗದಲ್ಲಿದ್ದವಳು ತಾನೇ ಸರಿದು ಅಂಚಿಗೆ ನಿಂತಳು. ಇದನ್ನು ಈಗಷ್ಟೇ ಮೊಬೈಲಿನಲ್ಲಿ ನೋಡಿದೆ ಎನ್ನಲು ಬಾಯಿ ತೆರೆದವನು, ನೀಲಾಳ ಮುಖ ನೋಡಿ ಮುಚ್ಚಿದೆ. ಖಾಲಾ ನನ್ನ ಕಡೆ ತಿರುಗಿ, "ಖರೆ, ಇಂವನ್ನ ಮಾತ್ರ ಮಾಳಿಗಿ ಹತ್ತಿಸಬ್ಯಾಡ್ರಿ" ಎಂದಳು.

ಮರುದಿನ ಮಾಳಿಗೆಯ ಮೇಲೆ ಹೊಸ ಕಾವಲುಗಾರ ನಿಂತಿದ್ದ. ಗೂಟಕ್ಕೊಂದು ಅಡ್ಡಕೋಲು ಕಟ್ಟಿ, ನನ್ನ ಬಿಳಿ ಬನಿಯನ್ ತೊಡಿಸಿ, ಅದರ ಮೇಲೆ ಸ್ಟುಡಿಯೋದ ಕರಿ ಕೋಟು ಹಾಕಿದ್ದರು. ಕೆಳಗಿನಿಂದ ನೋಡಿದ ನಾನು ಬೆಚ್ಚಿಬಿದ್ದೆ. ಥೇಟ್ ಹಿಮದ ಮೇಲಿನ ಅದೇ ಅಪ್ಪ! ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಮೋಡ ನೋಡುವ ಕೆಲಸವನ್ನು ಹೆಂಗಸರು ತಾವೇ ಸರದಿಯಲ್ಲಿ ಹಂಚಿಕೊಂಡರು. ಶ್ಯಾವಿಗೆ ಗರಿಗರಿಯಾಗಿ ಒಣಗಿತು. ನನ್ನ ಮೊಬೈಲು ನೀಲಾಳ ಸೊಂಟದಲ್ಲಿತ್ತು. ಆದರೂ ನಾನು ಅಂಗಳದಲ್ಲಿ ಕೂತು, ಇಲ್ಲಿ ಬಾರದ ಮಳೆ ಈಗ ಅಲ್ಲಿ ಬಿತ್ತೇನೋ ಎಂದು ಆಕಾಶ ನೋಡುತ್ತಲೇ ಇದ್ದೆ.

ಆಗ ಸಂಶಿಯ ಕಡೆಯ ಗಿರಾಕಿಯೊಬ್ಬ ಫೋಟೋ ತೆಗೆಸಲು ಬಂದು, ಗೋಡೆಯ ಮೇಲೆ ಕೋಟಿಲ್ಲದ್ದು ನೋಡಿ ಗಾಬರಿಯಾದ.

"ಕೋಟು ಕೆಲಸದ ಮ್ಯಾಲೆ ಐತ್ರಿ, ಸಂಜಿತನಕ ಸಿಗೂದಿಲ್ಲ" ಎಂದಳು ನೀಲಾ ಮಾಳಿಗೆಯಿಂದಲೇ. "ಭಾಳ ಅವಸರ ಇದ್ರ ಇವರನ್ನ ಕರಕೊಂಡ ಹೋಗ್ರಿ. ಇವರು ಖಾಲಿ ಅದಾರ."

ಗಿರಾಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

"ಬ್ಯಾಡ್ರಿ ಅಕ್ಕಾರ" ಎಂದು ಕಟ್ಟೆಯ ಮೇಲೆ ಕೂತ. "ನಾ ಕೋಟಿನ ಸಲುವಾಗೇ ಕಾಯ್ತೀನಿ."